ಎರಡನೇ ನಟ್ಟು

ಮನೆಯಿಂದ,
ಮಾರ್ಚ್ ೧೮, ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಮರಿ,

ಮೂವತ್ತೊಂದು ದಾಟಿದ ಗಂಡಸನ್ನು ಇನ್ನೂ ಮರಿ ಅನ್ನುತ್ತಾಳಲ್ಲ ಎಂದು ಮುಖ ಸಿಂಡರಿಸಬೇಡ. ನಿನಗೆ ಮೊಮ್ಮಕ್ಕಳಾದರೂ ನಾನು ಕರೆಯುವುದು ಹೀಗೆಯೇ. ಹೇಗಿದ್ದೀಯಪ್ಪಾ? ಕೆಮ್ಮು ಪೂರ್ತಿ ನಿಂತಿತೋ, ಇನ್ನೂ ಬೆಳಗಿನ ಹೊತ್ತು ಕಾಡುತ್ತದೆಯೋ? ಆ ವರ್ಕ್‌ಷಾಪಿನ ಸಿಮೆಂಟು ನೆಲ ತಣ್ಣಗೆ ಕೊರೆಯುತ್ತದೆ ಎಂದು ನಿನ್ನ ತಂಗಿ ಗುಬ್ಬಿ ನಿನ್ನನ್ನು ನೋಡಿ ಬಂದು ಹೇಳಿದಳು. ಬಸ್ಸಿನ ಕೆಳಗೆ ಮಲಗುವಾಗ ಬೆನ್ನಿನ ಅಡಿಗೆ ಎರಡು ಗೋಣಿಚೀಲವನ್ನಾದರೂ ಹಾಸಿಕೋ. ಒಂದು ಹಾಸಿಕೊಂಡರೆ ಹಾಸಿಕೊಂಡ ಹಾಗಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಅಂಗಿ ತೋಳಿನಲ್ಲಿ ಜೋಲಾಡುತ್ತಿತ್ತು ಎಂದೂ ಹೇಳಿದಳು, ಸಣ್ಣಗಾಗಿದ್ದೀಯ ಎಂದು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ನನಗೆ ಅಷ್ಟು ತಿಳಿಯುವುದಿಲ್ಲವೇ? ನಿನ್ನ ಕಾಗದ ಬರುವುದು ವರ್ಷಕ್ಕೆ ಎರಡು, ಅದರಲ್ಲಿ ಸಾಲು ಮೂರು. ಕರೆಂಟು ಬಿಲ್ಲಿನಲ್ಲೂ ಅದಕ್ಕಿಂತ ಹೆಚ್ಚು ಅಕ್ಷರ ಇರುತ್ತದೆ. ಫೋನಿನಲ್ಲಿ ನೀನು ಹೂಂ ಅಂದರೆ ಸಾಕು, ನಾನು ಹೇಳಬೇಕೆಂದಿದ್ದದ್ದೆಲ್ಲ ಬಿಟ್ಟು ಮಳೆ ಬಂತಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ ಹಿಡಿದೆ. ಕಾಗದ ಹೂಂ ಅನ್ನುವುದಿಲ್ಲ, ಅದೊಂದು ಅನುಕೂಲ. ನಾನು ಚೆನ್ನಾಗಿದ್ದೇನೆ. ಮಂಡಿ ನೋವಿದೆ, ಅದು ಹೊಸ ಸುದ್ದಿಯೇನಲ್ಲ. ಕನ್ನಡಕದ ಕಾಲು ಮುರಿದು ದಾರ ಕಟ್ಟಿಕೊಂಡಿದ್ದೇನೆ, ಟಾರ್ಪಾಲು ಹೊಲಿಯಲು ಅಷ್ಟು ಸಾಕು.

ಗುಬ್ಬಿ ನಿನ್ನ ಹತ್ತಿರ ಹೇಳಿದ್ದಾಳಲ್ಲ, ಮುಂದಿನ ಭಾನುವಾರ ಎಮ್ಮೆಯನ್ನು ನೀರಿಗೆ ಇಳಿಸುತ್ತಾಳಂತೆ. ನಾಲ್ಕು ವರ್ಷದಿಂದ ದಡದ ಮೇಲೆ ಮಗುಚಿ ಹಾಕಿ ಮೇಲೆ ನಾನೇ ಹೊಲಿದ ಟಾರ್ಪಾಲು ಹೊದಿಸಿ ಬಿಟ್ಟ, ನಿಮ್ಮಪ್ಪ ಎಮ್ಮೆ ಎಂದೇ ಕರೆಯುತ್ತಿದ್ದ ದೋಣಿ. ನಾನು ಬೇಡವೆಂದೇ ಅಂದೆ. ಅವಳು ಕೇಳುವ ಹೆಣ್ಣೇ? ಹಟದಲ್ಲಿ ನನ್ನ ಮಗಳು, ನಡಿಗೆಯಲ್ಲಿ ನಿಮ್ಮಪ್ಪ. ಆಚೆ ದಡದ ಶಾಲೆಯ ಮೇಷ್ಟ್ರುಗಳು, ತರಕಾರಿ ಬುಟ್ಟಿಗಳು, ಅಂಚೆ ಚೀಲ, ಎಲ್ಲ ಈಗ ಸೇತುವೆ ಸುತ್ತಿಕೊಂಡು ಎರಡು ತಾಸು ಹೋಗುತ್ತವೆ, ನಮ್ಮ ದೋಣಿ ಇದ್ದರೆ ಹದಿನೈದು ನಿಮಿಷ, ಅಪ್ಪನ ಕೆಲಸ ನಾನು ಮಾಡ್ತೀನಿ ಅಂತ ಕೂತಳು. ಹಗ್ಗ ಕಟ್ಟಲು ಮುಂದೊಂದು ಹಿಂದೊಂದು ಕಬ್ಬಿಣದ ಕೊಂಬು ಕೂರಿಸಬೇಕು, ಅದನ್ನು ಅಣ್ಣನೇ ಬಂದು ಮಾಡಲಿ ಎಂದು ನಿನಗೆ ಬರೆದಳು. ಅದಕ್ಕೆ ನೀನು ಬರೆದ ಉತ್ತರ ನನ್ನ ಮುಂದೆಯೇ ಇದೆ. ‘ನಾನು ಮುಟ್ಟಿದ್ದು ಸಾಕು. ಬೇರೆಯವರ ಕೈಯಲ್ಲಿ ಮಾಡಿಸಿ.’ ಅವಳು ಓದಿ, ಮಡಚಿ, ನನ್ನ ತಟ್ಟೆಯ ಪಕ್ಕ ಇಟ್ಟು ಎದ್ದು ಹೋದಳು. ಆಮೇಲೆ ಒಂದೊಂದಾಗಿ ಬಾಯಿಬಿಟ್ಟಳು. ನೀನು ಬಸ್ಸಿನ ಚಕ್ರದ ನಟ್ಟು ಒಂದನ್ನು ಮೂರು ಸಲ ಬಿಗಿಸುತ್ತೀಯಂತೆ. ಕೈ ತೊಳೆದು, ಅಂಗಿ ಹಾಕಿಕೊಂಡು, ಗೇಟಿನ ತನಕ ಹೋಗಿ ಮತ್ತೆ ವಾಪಸು ಬಂದು ನಾಲ್ಕನೇ ಸಲ ಮುಟ್ಟಿ ನೋಡುತ್ತೀಯಂತೆ. ಅಲ್ಲಿ ನಿನಗೆ ‘ಮೂರ್ಸಲ’ ಎಂದೇ ಹೆಸರಿಟ್ಟಿದ್ದಾರಂತೆ. ಈಗ ಅದೂ ಸಾಕಾಗಿ, ಏಪ್ರಿಲ್ ಒಂದರಿಂದ ಸ್ಟೋರ್ ರೂಮಿಗೆ ಹಾಕಿ, ಸಾಮಾನು ಎಣಿಸಿ ಕೊಟ್ಟುಕೊಂಡು ಇರುತ್ತೇನೆ, ಪಾನಾ ಹಿಡಿಯುವುದಿಲ್ಲ ಎಂದು ಅರ್ಜಿ ಕೊಟ್ಟಿದ್ದೀಯಂತೆ. ನಿನ್ನಂಥ ಕೈ ಈ ವಂಶದಲ್ಲೇ ಯಾರಿಗೂ ಇರಲಿಲ್ಲ ಕಣೋ. ಐದು ವರ್ಷದವನಿದ್ದಾಗ ನನ್ನ ಹೊಲಿಗೆ ಮಷೀನು ಬಿಚ್ಚಿ ಹರಡಿದ್ದೆ. ನಾನು ಬೆನ್ನಿಗೆ ನಾಲ್ಕು ಬಿಟ್ಟೆ. ನೀನು ಅಳುತ್ತಲೇ ಎಲ್ಲ ಮೊದಲಿನ ಹಾಗೆ ಜೋಡಿಸಿದೆ, ಒಂದು ಸ್ಕ್ರೂ ಕೂಡ ಮಿಕ್ಕಲಿಲ್ಲ.

ಆ ಮೊದಲನೇ ಕೊಂಬು ತಂದ ದಿನ ನೆನಪಿದೆಯಾ? ಹಡಗು ರಿಪೇರಿ ಯಾರ್ಡಿನಲ್ಲಿ ಕೆಲಸ ಕಲಿತು ಮೊದಲ ಸಲ ರಜಕ್ಕೆ ಬಂದವನು ನೀನು, ಹೆಗಲ ಚೀಲದಿಂದ ನ್ಯೂಸ್ ಪೇಪರಿನಲ್ಲಿ ಸುತ್ತಿದ್ದೇನನ್ನೋ ತೆಗೆದು ಊಟದ ಮೇಜಿನ ಮೇಲೆ ದಡ್ ಎಂದು ಇಟ್ಟೆ. ಒಂದು ಗೇಣು ಉದ್ದದ ಕಬ್ಬಿಣ, ನಡುವೆ ಎರಡು ಕುಳ್ಳ ಕಾಲು, ಆ ಕಡೆ ಈ ಕಡೆ ಚಾಚಿಕೊಂಡ ಎರಡು ತುದಿ. ಅದಕ್ಕೆ ನೀನು ಏನೋ ಇಂಗ್ಲಿಷಿನಲ್ಲಿ ಹೆಸರು ಹೇಳಿದೆ. ನಿಮ್ಮಪ್ಪ ತಿರುಗಿಸಿ ಮುರುಗಿಸಿ ನೋಡಿ, ‘ಅಂತೂ ನಮ್ಮ ಎಮ್ಮೆಗೆ ಕೊಂಬು ತಂದ’ ಅಂದರು. ಅಷ್ಟೇ, ಅವತ್ತಿನಿಂದ ಅದು ಕೊಂಬು. ಅಲ್ಲಿಯತನಕ ಹಗ್ಗವನ್ನು ಮುಂದಿನ ಹಳೆಯ ಕಬ್ಬಿಣದ ಬಳೆಗೆ ಗಂಟು ಹಾಕುತ್ತಿದ್ದರು. ಒದ್ದೆಯಾದರೆ ಗಂಟು ಬಿಚ್ಚಲು ಹಲ್ಲು ಹಚ್ಚಬೇಕಾಗುತ್ತಿತ್ತು. ಮಾರನೇ ದಿನ ನೀವಿಬ್ಬರೂ ಅದನ್ನು ಕೂರಿಸಿದಿರಿ. ದೋಣಿಯ ಮೂತಿಯ ಮೇಲಿನ ಹಲಗೆಗೆ ಬೈರಿಗೆಯಿಂದ ನಾಲ್ಕು ತೂತು, ಅದರ ಕೆಳಗೆ ಸಾಮಾನಿಡುವ ಗೂಡಿನಲ್ಲಿ ಒಂದು ದಪ್ಪ ಅಡಿಹಲಗೆ, ಮೇಲಿನಿಂದ ಕೆಳಗಿನ ತನಕ ನಾಲ್ಕು ಬೋಲ್ಟು. ‘ಒಬ್ರು ಮೇಲೆ, ಒಬ್ರು ಕೆಳಗೆ. ಒಬ್ರಿಂದ ಆಗೋ ಕೆಲ್ಸ ಅಲ್ಲ ಇದು’ ಎಂದು ನೀನು ದೊಡ್ಡ ಮೇಸ್ತ್ರಿಯ ಹಾಗೆ ಹೇಳಿ ಗೂಡಿನೊಳಗೆ ತೂರಿದೆ. ನಿಮ್ಮಪ್ಪ ಮೇಲೆ ಕೂತು ಬೋಲ್ಟಿನ ತಲೆ ತಿರುಗದ ಹಾಗೆ ಸ್ಕ್ರೂಡ್ರೈವರ್ ಒತ್ತಿ ಹಿಡಿದರು, ಕೆಳಗೆ ನೀನು ಪಾನಾದಿಂದ ನಟ್ಟು ತಿರುಗಿಸಿದೆ. ನನಗೆ ಕಂಡದ್ದು ನಿನ್ನ ಎರಡು ಕಾಲು ಮಾತ್ರ. ನಾನು ಮೆಟ್ಟಿಲ ಮೇಲೆ ಟಾರ್ಪಾಲಿಗೆ ಅಂಚು ಹೊಲಿಯುತ್ತ ಕೂತಿದ್ದೆ. ನಿಮ್ಮಿಬ್ಬರ ಕೂಗಾಟ ಕೇಳಿ ನಗು ತಡೆಯಲಾಗದೆ ಎರಡು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡೆ. ಒಂದರ ಮೇಲೊಂದು ಎರಡೆರಡು ನಟ್ಟು ಹಾಕಬೇಕು, ಎರಡನೆಯದಿದ್ದರೆ ಮೊದಲಿನದು ಸಡಿಲವಾಗುವುದಿಲ್ಲ ಎಂದೆ ನೀನು. ಆದರೆ ನೀನು ತಂದದ್ದು ನಾಲ್ಕೇ. ಅದಕ್ಕೇ ಬೋಲ್ಟಿನ ತುದಿ ಕತ್ತರಿಸದೆ, ಎರಡನೇ ನಟ್ಟಿಗೆ ಜಾಗವಿರಲಿ ಎಂದು ಎರಡು ಬೆರಳಿನಷ್ಟು ಉದ್ದ ಬಿಟ್ಟೆ. ಮುಂದಿನ ಸಲ ತರ್ತೀನಿ ಎಂದು ಬಸ್ಸಿಗೆ ಓಡಿದೆ. ಆ ಮುಂದಿನ ಸಲ ನೀನು ಬಂದದ್ದು ಆಸ್ಪತ್ರೆಗೆ.

ಅದನ್ನೂ ಬರೆದೇಬಿಡುತ್ತೇನೆ, ನಾವಿಬ್ಬರೂ ಇದುವರೆಗೆ ಒಂದು ಸಲವೂ ಕೂತು ಮಾತಾಡಿಲ್ಲ. ಬೆಳಿಗ್ಗೆ ಹತ್ತು ಗಂಟೆ, ಒಳ್ಳೆಯ ಬಿಸಿಲು. ದೋಣಿಕಟ್ಟೆಯಲ್ಲಿ ಹಗ್ಗ ಬಿಗಿಯಾಗಿತ್ತು. ನಿಮ್ಮಪ್ಪ ಒಂದು ಕಾಲು ಕಲ್ಲುಮೆಟ್ಟಿಲ ಮೇಲೆ, ಒಂದು ಕಾಲು ದೋಣಿಯೊಳಗೆ ಇಟ್ಟು ಮೇಷ್ಟ್ರ ಸೈಕಲ್ಲನ್ನು ಎತ್ತಿ ಇಳಿಸಿಕೊಳ್ಳುತ್ತಿದ್ದರು. ದೊಡ್ಡ ಲಾಂಚೊಂದು ಹತ್ತಿರದಲ್ಲೇ ಹಾದು ಹೋಯಿತು. ಅದರ ಅಲೆ ಬಂದು ದೋಣಿಯನ್ನು ಆಚೆ ಎಳೆದಾಗ ಕೊಂಬು ಕಿತ್ತು ಹಾರಿ ನೀರಿಗೆ ಬಿತ್ತು. ಮೂತಿ ತಿರುಗಿತು. ಅವರು ದೋಣಿಗೂ ಕಲ್ಲಿಗೂ ನಡುವೆ ಬಿದ್ದರು. ಮುಂದಿನ ಅಲೆ ದೋಣಿಯನ್ನು ಮತ್ತೆ ಕಲ್ಲಿಗೆ ತಂದಿತು. ಅಷ್ಟೇ. ಲೋಟ ನೀರು ಕುಡಿದು ಮುಗಿಸುವಷ್ಟು ಹೊತ್ತೂ ಆಗಲಿಲ್ಲ. ಅವತ್ತು ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡರು, ನೀನು ಬಂದದ್ದು ಮಾರನೇ ದಿನ. ಆಸ್ಪತ್ರೆಯಿಂದ ನೇರ ದೋಣಿಕಟ್ಟೆಗೆ ಹೋಗಿ, ಹರಿದುಹೋದ ಹಲಗೆಯ ಮುಂದೆ ಮಂಡಿಯೂರಿ, ತೂತಿನೊಳಗೆ ಬೆರಳಿಟ್ಟು, ‘ಎರಡನೇ ನಟ್ಟು ಹಾಕಿದ್ರೆ ಹೀಗಾಗ್ತಿರ್ಲಿಲ್ಲ’ ಅಂದೆ. ನಿನ್ನ ದೊಡ್ಡಪ್ಪ ಹಿಂದೆಯೇ ನಿಂತಿದ್ದರು. ಮೂರನೆಯ ದಿನ ಎಲ್ಲ ಮುಗಿದ ಮೇಲೆ ಅವರು ಹಿಂದುಮುಂದು ನೋಡದೆ ಎಲ್ಲರ ಎದುರಿಗೆ ಅಂದರಲ್ಲ, ‘ಮಗನ ಕೈಕೆಲ್ಸ ಅಪ್ಪನ ಜೀವ ತೆಗೀತು’ ಅಂತ. ನೀನು ತಲೆ ಎತ್ತಲಿಲ್ಲ. ನಾನು ಅಲ್ಲೇ ಇದ್ದೆ, ಕಂಬಕ್ಕೆ ಒರಗಿಕೊಂಡು. ನನ್ನ ನಾಲಿಗೆ ಮೇಲೇಳಲಿಲ್ಲ. ಅಪ್ಪ ಕೊನೆಗೆ ಏನಾದ್ರೂ ಅಂದ್ರಾ ಎಂದು ನೀನು ಕೇಳಿದೆ. ‘ಮರಿಗೆ ಹೇಳು’ ಅಂದರು, ಆಮೇಲೆ ಮಾತು ನಿಂತಿತು ಎಂದು ನಾನು ಹೇಳಿದೆ. ಹದಿನೈದನೇ ದಿನ ನೀನು ಚೀಲ ಹಿಡಿದು ಹೊರಟೆ. ಯಾರ್ಡಿನ ಕೆಲಸ ಬಿಟ್ಟು, ನೀರೇ ಕಾಣದ ಊರಿಗೆ ಹೋಗಿ ಸೇರಿಕೊಂಡೆ. ಆಮೇಲೆ ಒಂದೇ ಒಂದು ಸಲವೂ ಈ ಹೊಸಿಲು ದಾಟಿಲ್ಲ.

ಈಗ ಮೊನ್ನೆಯ ವಿಷಯಕ್ಕೆ ಬರುತ್ತೇನೆ. ನೀನು ಬರುವುದಿಲ್ಲ ಎಂದಾದ ಮೇಲೆ ಗುಬ್ಬಿ ಪೆನ್ಸಿಲ್ ಮಾವನನ್ನು ಕರೆತಂದಳು. ನಮ್ಮ ಬಡಗಿಯೇ, ಇನ್ನೂ ಹಾಗೆಯೇ ಇದ್ದಾನೆ, ಪೆನ್ಸಿಲನ್ನು ಕಿವಿಯ ಮೇಲಿಟ್ಟುಕೊಂಡು ಊರೆಲ್ಲ ಹುಡುಕುತ್ತಾನೆ. ಗುರುವಾರ ಬಂದು ದೋಣಿಯನ್ನು ನೆಟ್ಟಗೆ ಕೂರಿಸಿ, ಉಳಿಯ ಹಿಡಿಯಿಂದ ಹಲಗೆಯನ್ನೆಲ್ಲ ಬಡಿದು ನೋಡಿದ. ಗಟ್ಟಿ ಮರ ಠಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ನಮ್ಮ ಎಮ್ಮೆ ಎಲ್ಲ ಕಡೆಯೂ ಠಣ್ ಅಂದಿತು. ನಾಲ್ಕು ವರ್ಷ ನನ್ನ ಟಾರ್ಪಾಲು ಸುಮ್ಮನೆ ಕೂತಿರಲಿಲ್ಲ, ನೋಡು. ಆಮೇಲೆ ಮೂತಿಯ ಮೇಲಿನ ಹಳೆಯ ಬಣ್ಣ ಕೆರೆದ. ಕೆರೆಯುತ್ತ ಕೆರೆಯುತ್ತ ಕೈ ನಿಲ್ಲಿಸಿದ. ಹರಿದು ಬಾಯಿಬಿಟ್ಟ ನಾಲ್ಕು ತೂತು ಎಲ್ಲರಿಗೂ ಗೊತ್ತಿದ್ದದ್ದೇ. ಅದರಿಂದ ಎರಡು ಬೆರಳು ಹಿಂದೆ, ಬಣ್ಣದ ಅಡಿಯಲ್ಲಿ, ಇನ್ನೂ ನಾಲ್ಕು ತೂತು. ಗುಂಡಗೆ, ಅಚ್ಚುಕಟ್ಟಾಗಿ, ಮರದ ಬೆಣೆ ಬಡಿದು ಮುಚ್ಚಿದ್ದು. ‘ಇದೇನಕ್ಕಾ, ಇದ್ದ ಕೊಂಬು ಒಂದು, ತೂತು ಎಂಟು? ಮರಿ ಎರಡು ಸಲ ಹಾಕಿದ್ನಾ?’ ಎಂದು ಕೇಳಿದ. ಗುಬ್ಬಿಯೂ ಬಗ್ಗಿ ನೋಡಿ ನನ್ನ ಮುಖ ನೋಡಿದಳು. ನಾನು ‘ಇರಬಹುದು’ ಅಂದೆ. ಅಂದವಳೇ ಚಹಾ ತರುತ್ತೇನೆ ಎಂದು ಮನೆಗೆ ಬಂದುಬಿಟ್ಟೆ. ಒಲೆ ಹಚ್ಚುವುದನ್ನೇ ಮರೆತು ನೀರಿಟ್ಟ ಪಾತ್ರೆಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ.

ಶುಕ್ರವಾರ ಹೊಸ ಕೊಂಬು ಕೂರಿಸುವ ಕೆಲಸ. ಪೆನ್ಸಿಲ್ ಮಾವ ಹಳೆಯ ಎಂಟೂ ತೂತನ್ನು ಹೊಸ ಬೆಣೆ, ಅಂಟು ಹಾಕಿ ಮುಚ್ಚಿ, ಅರ್ಧ ಅಡಿ ಹಿಂದಕ್ಕೆ ಗಟ್ಟಿ ಮರದಲ್ಲಿ ಗುರುತು ಮಾಡಿದ. ತೂತು ಕೊರೆದು, ಒಳಗೆ ನೀರು ಇಳಿಯದ ಹಾಗೆ ಎಣ್ಣೆ ಬಳಿದ, ಕೊಂಬಿನ ಪಾದಕ್ಕೆ ಕರಿ ಮೇಣದಂಥದ್ದೇನೋ ಮೆತ್ತಿದ. ಬೋಲ್ಟು ತರಲು ಅಂಗಡಿಗೆ ಹೊರಟವನನ್ನು ನಿಲ್ಲಿಸಿ, ನನ್ನ ಹತ್ತಿರ ನಾಲ್ಕು ಇವೆ ನೋಡು ಎಂದು ಕೊಟ್ಟೆ. ಬಟ್ಟೆ ಸುತ್ತಿ ಎಣ್ಣೆ ಹಚ್ಚಿಟ್ಟಿದ್ದೆ, ತುಕ್ಕಿನ ಚುಕ್ಕೆಯೂ ಇರಲಿಲ್ಲ. ತೂತಿಗೆ ಹಾಕಿ ನೋಡಿದರೆ ಅಳತೆ ಮಾಡಿ ಮಾಡಿಸಿದ ಹಾಗೆ ಕೂತವು. ‘ಎಲ್ಲಿದ್ವಕ್ಕಾ ಇವು?’ ಎಂದ. ಯಾವುದೋ ಡಬ್ಬಿಯಲ್ಲಿದ್ದವು ಎಂದೆ. ಅವನು ಬೋಲ್ಟನ್ನೊಮ್ಮೆ ನನ್ನನ್ನೊಮ್ಮೆ ನೋಡಿದ, ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡ. ಈಗ ಕೆಳಗೆ ಗೂಡಿನೊಳಗೆ ಹೋಗುವವರು ಯಾರು? ಅವನ ಹೊಟ್ಟೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಗುಬ್ಬಿ ನಾನು ಹೋಗ್ತೀನಿ ಎಂದಳು. ಬೇಡ, ನಾನೇ ಹೋಗುತ್ತೇನೆ ಎಂದು ಸೀರೆ ಎತ್ತಿ ಕಟ್ಟಿ ತೂರಿದೆ. ಅರವತ್ತರ ಹತ್ತಿರದ ಹೆಂಗಸು ದೋಣಿಯ ಗೂಡಿನಲ್ಲಿ ಅಂಗಾತ ಮಲಗಿದ್ದನ್ನು ನೋಡಲು ಕಟ್ಟೆಯ ಮೇಲಿದ್ದವರೆಲ್ಲ ಬಂದು ನಿಂತರಂತೆ, ನಿನ್ನ ದೊಡ್ಡಪ್ಪನೂ ಕೂಡ. ನೋಡಲಿ ಬಿಡು, ಟಿಕೆಟ್ಟಿಲ್ಲದ ಆಟ. ಗೂಡಿನೊಳಗೆ ಇನ್ನೂ ನಿಮ್ಮಪ್ಪನ ಬೀಡಿಯ ವಾಸನೆ ಇದೆ ಮರಿ, ಅಥವಾ ನನ್ನ ಮೂಗಿಗೆ ಹಾಗನ್ನಿಸಿತೋ. ಕಣ್ಣಿಗೆ ಒಂದು ಗೇಣು ದೂರದಲ್ಲಿ, ಹಲಗೆಯ ತಳದಲ್ಲಿ ನಿನ್ನ ಅಕ್ಷರ ಕಂಡಿತು. ನೀನು ಪೆನ್ಸಿಲಿನಲ್ಲಿ ಬರೆದಿದ್ದೆ, ‘ಮುಂದಿನ ಸಲ ಎರಡನೇ ನಟ್ಟು’ ಎಂದು, ಪಕ್ಕದಲ್ಲಿ ಬಾಣದ ಗುರುತು. ಮೇಲಿನಿಂದ ಗುಬ್ಬಿ, ‘ಅಮ್ಮಾ ಹಿಡ್ಕೊಂಡಿದೀನಿ, ತಿರುಗ್ಸು’ ಎಂದು ಕೂಗುತ್ತಲೇ ಇದ್ದಳು. ತಿರುಗಿಸಿದೆ. ಮೊದಲನೇ ನಟ್ಟು ನಾಲ್ಕು, ಅದರ ಮೇಲೆ ಅಂಗಡಿಯಿಂದ ತರಿಸಿದ ಎರಡನೇ ನಟ್ಟು ನಾಲ್ಕು. ಏಳುವಾಗ ಬೋಲ್ಟಿನ ತುದಿ ನನ್ನ ಬೈತಲೆಯ ಹಳೆಯ ಗಾಯದ ಗುರುತಿಗೆ ತಾಗಿತು. ಆ ಗಾಯ ಹೇಗಾಯಿತೆಂದು ನೀನು ಒಮ್ಮೆ ಫೋನಿನಲ್ಲಿ ಕೇಳಿದ್ದೆ, ಕಿಟಕಿ ಬಾಗಿಲು ತಾಗಿತು ಎಂದಿದ್ದೆ. ಇರಲಿ.

ಶನಿವಾರ ಹಿಂದಿನ ಕೊಂಬೂ ಆಯಿತು. ಆಮೇಲೆ ಪೆನ್ಸಿಲ್ ಮಾವ, ಗುಬ್ಬಿ, ಕಟ್ಟೆಯ ಮೇಲಿನ ಇನ್ನಿಬ್ಬರು ಸೇರಿ ಹಗ್ಗ ಹಾಕಿ ಉಸಿರು ಬಿಗಿಹಿಡಿದು ಜಗ್ಗಿದರು. ದೋಣಿ ಮುಂದೆ ಬಂತೇ ಹೊರತು ಕೊಂಬು ಮಿಸುಕಲಿಲ್ಲ. ಗುಬ್ಬಿ ಈಗ ಮನೆಯಲ್ಲಿ ಹಳೆಯ ಸ್ಟೂಲನ್ನು ಮಗುಚಿ ಹಾಕಿಕೊಂಡು ಅದರ ಎರಡು ಕಾಲಿಗೆ ಹಗ್ಗ ಸುತ್ತುವುದನ್ನು ಕಲಿಯುತ್ತಿದ್ದಾಳೆ, ಮೊದಲು ಒಂದು ಸುತ್ತು, ಆಮೇಲೆ ಎಂಟರ ಹಾಗೆ ಅಡ್ಡಡ್ಡ, ಕೊನೆಗೆ ಒಂದು ಮಡಚು. ಅಪ್ಪ ಕಣ್ಣು ಮುಚ್ಚಿ ಮಾಡ್ತಿದ್ರು ಎಂದು ಅವಳೂ ಕಣ್ಣು ಮುಚ್ಚಿ ಮಾಡುತ್ತಾಳೆ, ಸ್ಟೂಲು ಹೋಗಿ ಅವಳ ಕಾಲಿನ ಮೇಲೆಯೇ ಬೀಳುತ್ತದೆ. ನೀನು ಇದ್ದಿದ್ದರೆ ನಗುತ್ತಿದ್ದೆ. ನೀನು ನಗುವುದನ್ನು ಕೇಳಿ ನಾಲ್ಕು ವರ್ಷವಾಯಿತು. ಭಾನುವಾರ ಬೆಳಿಗ್ಗೆ ಎಂಟಕ್ಕೆ ದೋಣಿ ಇಳಿಸುತ್ತೇವೆ. ಬಾ ಎಂದು ಕರೆಯುವ ಬಾಯಿ ನನಗಿಲ್ಲ, ಯಾಕೆ ಇಲ್ಲ ಎನ್ನುವುದು ಇನ್ನೊಂದು ಮಾತು. ಆದರೆ ಸ್ಟೋರ್ ರೂಮಿನ ಅರ್ಜಿಯನ್ನು ಒಂದು ವಾರ ತಡೆದು ನೋಡು. ಅಮ್ಮ ಹೇಳಿದಳೆಂದು ಇದೊಂದು ಮಾಡು.

ಗುಬ್ಬಿ ನಮಸ್ಕಾರ ತಿಳಿಸಿದ್ದಾಳೆ, ಜೊತೆಗೆ ನಿನ್ನ ಮೇಲೆ ಕೋಪವನ್ನೂ ತಿಳಿಸಲು ಹೇಳಿದ್ದಾಳೆ. ಪೆನ್ಸಿಲ್ ಮಾವ ನಿನ್ನನ್ನು ಕೇಳಿದೆ ಎಂದು ಬರೆಯಿರಿ ಅಂದ. ನಿನ್ನ ಕೈಕಾಲು ಗಟ್ಟಿಯಾಗಿರಲಿ, ತಲೆಯ ಮೇಲಿನ ಭಾರ ಇಳಿಯಲಿ, ನಿನ್ನ ತಟ್ಟೆಯಲ್ಲಿ ಬಿಸಿ ಅನ್ನ ಇರಲಿ. ನನ್ನ ಆಯುಸ್ಸಿನಲ್ಲಿ ಉಳಿದದ್ದೆಲ್ಲ ನಿನಗೇ ಇರಲಿ.

ನಿನ್ನ
ಅಮ್ಮ

ಬಿಟ್ಟುಹೋದದ್ದು: ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಗೀಚುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೋ. ಲಕೋಟೆಗೆ ಅಂಟು ಹಚ್ಚಲು ಹೋದವಳು ಹಚ್ಚಲಾರದೆ ತಿರುಗಿ ಬಂದೆ. ಹನ್ನೊಂದೂವರೆಗೆ ಚೀಲ ಕಟ್ಟುತ್ತಾರಂತೆ. ಬಿಟ್ಟುಹೋದದ್ದೇನಲ್ಲ, ಬಿಟ್ಟದ್ದು. ಮರಿ, ಆ ಎಂಟು ತೂತಿನ ಲೆಕ್ಕ ನನಗೆ ಗೊತ್ತು. ಹಿಂದಿನ ನಾಲ್ಕು ನಿನ್ನವು. ಮುಂದಿನ ನಾಲ್ಕು, ಕಿತ್ತುಬಂದವು, ನಿನ್ನವಲ್ಲ. ಕೊಂಬು ಹಾಕಿ ನೀನು ಹೋದ ಎರಡು ತಿಂಗಳಿಗೆ ಟಾರ್ಪಾಲು ತೆಗೆಯಲು ಗೂಡಿಗೆ ಹೋದಾಗ ನಿನ್ನ ಬೋಲ್ಟಿನ ತುದಿ ಬಡಿದು ನನ್ನ ತಲೆ ಒಡೆಯಿತು. ಮೂರು ಹೊಲಿಗೆ ಹಾಕಿದರು. ನನ್ನ ಕೋಪ ನಿನಗೆ ಗೊತ್ತಲ್ಲ. ‘ತುದಿ ಕತ್ತರಿಸ್ತೀನಿ ಕಣೇ’ ಅಂದರು ನಿಮ್ಮಪ್ಪ. ನಾನು, ‘ಕತ್ತರಿಸಿದ್ದು ಇನ್ನೂ ಚೂಪು. ಕಿತ್ತು ಹಾಕಿ ರೀ, ಅದಿರೋ ತನಕ ನಾನು ಈ ದೋಣಿಗೆ ಕಾಲಿಡಲ್ಲ’ ಅಂದೆ. ನನ್ನ ಮಾತಿಗೆ ಕಿತ್ತರು. ಅವರು ಕೆಳಗೆ, ನಾನು ಮೇಲೆ. ಸ್ಕ್ರೂಡ್ರೈವರ್ ಒತ್ತಿ ಹಿಡಿದು ಕೂತವಳು ನಾನೇ. ನಿನ್ನ ಒಂದೊಂದೇ ನಟ್ಟು ಬಿಚ್ಚಲು ಅವರಿಗೆ ಅರ್ಧ ದಿನ ಹಿಡಿಯಿತು, ಅಂಗೈಯಲ್ಲಿ ಬೊಬ್ಬೆ ಎದ್ದಿತು. ‘ಏನ್ ಬಿಗಿಸಿದಾನೆ ಕಣೇ ನಿನ್ ಮಗ’ ಎಂದು ನಕ್ಕರು. ಆಮೇಲೆ ಅಡಿಹಲಗೆ ತೆಗೆದು, ನಿನ್ನ ತೂತಿಗೆ ಬೆಣೆ ಬಡಿದು, ಕೊಂಬನ್ನು ಎರಡು ಬೆರಳು ಮುಂದೆ ಸರಿಸಿ, ಮೇಲಿನಿಂದ ನಾಲ್ಕು ಗಿಡ್ಡ ಸ್ಕ್ರೂ ಹಾಕಿ ಬಣ್ಣ ಬಳಿದರು. ಸ್ಕ್ರೂಗೆ ಕೆಳಗೆ ಯಾರೂ ಬೇಕಾಗಲಿಲ್ಲ. ‘ಸದ್ಯಕ್ಕೆ ಇರ್ಲಿ, ಮರಿ ಬಂದಾಗ ಸರಿಯಾಗಿ ಹಾಕ್ಸೋಣ, ಅವನಿಗೆ ಬರೀಬೇಡ, ಬೇಜಾರು ಮಾಡ್ಕೋತಾನೆ’ ಅಂದರು. ಕಿತ್ತುಬಂದದ್ದು ಆ ಸ್ಕ್ರೂಗಳು. ನಿನ್ನ ಬೋಲ್ಟು ನಾಲ್ಕೂ ಅವತ್ತಿನಿಂದ ನನ್ನ ಹೊಲಿಗೆ ಡಬ್ಬಿಯಲ್ಲಿದ್ದವು. ಮೊನ್ನೆ ಹಾಕಿಸಿದ್ದು ಅವನ್ನೇ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಹೆದರಿದೆ ಕಣೋ. ಗಂಡನನ್ನು ತಿಂದವಳು ಅಂತಾರೆ ಎಂದು ಹೆದರಿದೆ, ನೀನೂ ಗುಬ್ಬಿಯೂ ನನ್ನ ಮುಖ ನೋಡುವುದಿಲ್ಲ ಎಂದು ಹೆದರಿದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ನಾಲ್ಕು ವರ್ಷ ನನ್ನ ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ. ಹೆತ್ತವಳು ಮಾಡುವ ಕೆಲಸ ಅಲ್ಲ ಇದು, ಕ್ಷಮಿಸು ಎಂದು ಕೇಳುವ ಮುಖವೂ ಇಲ್ಲ. ಈ ಕಾಗದ ಹಾಕಿ ನೇರ ದೋಣಿಕಟ್ಟೆಗೆ ಹೋಗುತ್ತೇನೆ. ನಿನ್ನ ದೊಡ್ಡಪ್ಪ ಈ ಹೊತ್ತಿಗೆ ಅಲ್ಲಿರುತ್ತಾರೆ, ಪೆನ್ಸಿಲ್ ಮಾವ, ಗುಬ್ಬಿ ಎಲ್ಲರೂ ಇರುತ್ತಾರೆ. ಅವತ್ತು ಯಾರೆದುರು ಬಾಯಿ ಮುಚ್ಚಿಕೊಂಡಿದ್ದೆನೋ ಅವರೆದುರೇ ಹೇಳುತ್ತೇನೆ. ಮೊದಲು ನಿನಗೆ ಹೇಳಬೇಕಿತ್ತು, ಅದಕ್ಕೇ ಬರೆದೆ. ಬೈಯುವುದಾದರೆ ಬಂದು ಬೈ, ಫೋನಿನಲ್ಲಿ ಬೇಡ.

ಇನ್ನೊಂದು. ಆಸ್ಪತ್ರೆಯಲ್ಲಿ ನಿಮ್ಮಪ್ಪನ ಮಾತು ನಡುವೆ ನಿಂತಿರಲಿಲ್ಲ. ಪೂರ್ತಿ ಹೇಳಿದ್ದರು. ನನ್ನ ಕೈ ಹಿಡಿದುಕೊಂಡು, ‘ಮರಿಗೆ ಹೇಳು ಕಣೇ, ಅವನು ಹಾಕಿದ್ದು ಗಟ್ಟಿಯಾಗೇ ಇತ್ತು ಅಂತ’ ಅಂದರು. ಚೀಲ ಕಟ್ಟುತ್ತಿದ್ದಾರೆ. ಹೇಳಿದ್ದೇನೆ ಮರಿ.